ನೆರಳಿಲ್ಲದ ಮಧ್ಯಾಹ್ನದ ಲೆಕ್ಕ

ಬೆಸಗರಹಳ್ಳಿ
ಜುಲೈ 28

ಮಗಳೇ,

ಬೀದರಿನ ನಿನ್ನ ಸ್ಕೂಲಿನ ಮಕ್ಕಳಿಗೆ ಸೌರವ್ಯೂಹ ಶುರುಮಾಡಬೇಕು, ಏನಾದರೂ ಹೇಳಪ್ಪ ಅಂದಿದ್ದೆಯಲ್ಲ, ಫೋನಿನಲ್ಲಿ ಲೆಕ್ಕ ನಿಲ್ಲೋದಿಲ್ಲ ಅಂತ ಬರೀತಿದ್ದೀನಿ.

ಮೊದಲು ಪಾಠದ ಚಿತ್ರ ಮುಚ್ಚಿಡಿಸು. ಅದರಲ್ಲಿ ಗ್ರಹಗಳು ಬಸ್ಸಿಗೆ ಕಾದವರ ಹಾಗೆ ಒತ್ತೊತ್ತಾಗಿ ನಿಂತಿವೆ. ಮೊನ್ನೆ ನಮ್ಮ ಬೀದಿ ಹುಡುಗರ ಮುಂದೆ ಮದ್ದೂರಿನ ಎಳನೀರು ಇಟ್ಟೆ, 16 ಸೆಂ.ಮೀ. ದಪ್ಪದ್ದು. ಅದು ಸೂರ್ಯ. ಸೂರ್ಯನ ಅಡ್ಡಳತೆ ಭೂಮಿಯ 109ರಷ್ಟು, ಹಾಗಾಗಿ ಭೂಮಿ ಒಂದು ರಾಗಿಕಾಳು. ಎಲ್ಲಿಡೋಣ ಅಂದರೆ ಎಲ್ಲರೂ ಗೇಣು ದೂರ ತೋರಿಸಿದರು. ಟೇಪು ಹಿಡಿಸಿ 17 ಮೀಟರು ನಡೆಸಿದೆ. ಗುರುಗ್ರಹ ಒಂದು ಗೋಲಿ, 90 ಮೀಟರಿಗೆ. ನೆಪ್ಚೂನ್ ಬಟಾಣಿ ಕಾಳು, ಅರ್ಧ ಕಿಲೋಮೀಟರು. ಅಷ್ಟು ದೂರ ಹೋದವನು ತಿರುಗಿ ನೋಡಿ, "ಎಳನೀರೇ ಕಾಣ್ತಿಲ್ಲ ತಾತ!" ಅಂತ ಕೂಗಿದ. ಅತಿ ಹತ್ತಿರದ ಬೇರೆ ನಕ್ಷತ್ರ ಎಲ್ಲಿ ಅಂತ ಇನ್ನೊಬ್ಬಳು ಕೇಳಿದಳು. ಇದೇ ಅಳತೆಗೆ ಸುಮಾರು 4,600 ಕಿ.ಮೀ., ಹಿಮಾಲಯ ದಾಟಿ ಇನ್ನೂ ಆಚೆ. ನಿಮ್ಮ ಕಡೆ ಜೋಳದಲ್ಲಿ ಮಾಡಿಸು. ಕಾಳು 4 ಮಿ.ಮೀ. ಆದರೆ ಸೂರ್ಯ ಮೊರದಗಲ, 44 ಸೆಂ.ಮೀ.; ದೂರ 47 ಮೀಟರು. ಈ ಗುಣಾಕಾರ ಮಕ್ಕಳೇ ಮಾಡಲಿ.

ಇನ್ನೊಂದು ಕೆಲಸ ನಾವಿಬ್ಬರೂ ಸೇರಿ ಮಾಡಬೇಕು. ಆಗಸ್ಟ್ 19ರ ಸುಮಾರಿಗೆ ಮಧ್ಯಾಹ್ನ 12.25ಕ್ಕೆ ಇಲ್ಲಿ ಸೂರ್ಯ ನೆತ್ತಿಯ ಮೇಲೇ ಬರ್ತಾನೆ. ನೆಟ್ಟ ಕೋಲಿಗೆ ನೆರಳೇ ಇರಲ್ಲ. ಏಪ್ರಿಲ್ ಕೊನೆಯಲ್ಲೂ ಹೀಗಾಗುತ್ತೆ, ಆಗ ಸ್ಕೂಲಿಗೆ ರಜೆ. ಬೀದರ್ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅವತ್ತು ಅಲ್ಲಿ ಒಂದು ಮೀಟರ್ ಕೋಲಿಗೆ 9 ಸೆಂ.ಮೀ. ಚಿಲ್ಲರೆ ನೆರಳು ಬೀಳಬೇಕು. ಕೋಲು ನೆಟ್ಟಗಿದೆಯಾ ಅಂತ ಗಾರೆಯವರ ತೂಗುಗುಂಡಿನಿಂದ ನೋಡಿಸು. 12 ಗಂಟೆಯಿಂದಲೇ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸು. ಅತಿ ಗಿಡ್ಡದ್ದೇ ಬೇಕಾದದ್ದು. ಕಾಗದದ ಮೇಲೆ ಕೋಲು, ನೆರಳು ಬರೆದು, ಎರಡರ ತುದಿ ಸೇರಿಸಿ, ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟರೆ ಐದು ಡಿಗ್ರಿಗೆ ಸ್ವಲ್ಪ ಮೇಲೆ ಸಿಗುತ್ತೆ. ಎರಡೂರಿನ ನಡುವೆ ನೇರ ದೂರ ಸುಮಾರು 585 ಕಿ.ಮೀ. ಅಷ್ಟು ಡಿಗ್ರಿಗೆ ಇಷ್ಟು ದೂರವಾದರೆ 360ಕ್ಕೆ ಎಷ್ಟು? ಭೂಮಿಯ ಸುತ್ತಳತೆಯೇ ಬಂತು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ. ಅವನಿಗೆ ಅಲೆಕ್ಸಾಂಡ್ರಿಯ, ಸಯೀನ್. ನಮಗೆ ಬೀದರ್, ಬೆಸಗರಹಳ್ಳಿ.

40,000 ಕಿ.ಮೀ. ಅಂತ ಮೊದಲೇ ಬಾಯಿ ಬಿಡಬೇಡ. 37,000 ಬಂದರೂ ಬರಲಿ, ಎಲ್ಲಿ ತಪ್ಪಿತು ಅಂತ ಅವರೇ ಹುಡುಕಲಿ. ಮೋಡ ಮುಚ್ಚಿದರೆ ಮಾರನೇ ದಿನ ನೋಡೋಣ. ಒಂದು ದಿನಕ್ಕೆ ನೆರಳು ಆರು ಮಿಲಿಮೀಟರಿನಷ್ಟೇ ಸರಿಯೋದು. ಅಳತೆ ಮಾತ್ರ ಎರಡೂ ಕಡೆ ಒಂದೇ ದಿನದ್ದಾಗಿರಬೇಕು. ಅವತ್ತು ಹನ್ನೆರಡಕ್ಕೆ ಫೋನ್ ಮಾಡ್ತೀನಿ, ಮಕ್ಕಳ ಕೈಗೇ ಕೊಡು.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ಇತಿ,
ನಿನ್ನ ಅಪ್ಪ