ಐದು ರೂಪಾಯಿಯ ತಿಂಡಿ, ಅವ್ವನ ಬುತ್ತಿ

ಧಾರವಾಡಕ್ಕೆ ಪೇಢೆಯಿಂದ ಹೆಸರು ಬಂದಿರಬಹುದು. ಇಲ್ಲಿಗೆ ಬಂದ ಹಳ್ಳಿಯ ಹುಡುಗರನ್ನು ಸಾಕಿದ್ದು ಮಾತ್ರ ಬುತ್ತಿ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ಸುತ್ತಲಿನ ಊರುಗಳ ಮಕ್ಕಳು ಓದಲೆಂದು ಇಲ್ಲಿಗೆ ಬರುತ್ತಲೇ ಇದ್ದಾರೆ. ಇಂದು ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರ ದಂಡೇ ಇದೆ. ಕೋಣೆಯ ಬಾಡಿಗೆ, ತರಬೇತಿಯ ಫೀ, ಪುಸ್ತಕ ಇವು ಯಾವುವೂ ಕಡಿಮೆಯಾಗುವಂಥವಲ್ಲ. ತಿಂಗಳ ಕೊನೆಗೆ ಕತ್ತರಿ ಬೀಳುವುದು ಹೊಟ್ಟೆಯ ಖರ್ಚಿಗೇ. ಹಾಗಾದರೆ ಅಗ್ಗದ ಊಟ ನಿಜಕ್ಕೂ ಲಾಭವೇ? ಅವಳಿ ನಗರದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಇದಕ್ಕೆ ಉತ್ತರ ಸಿಗುತ್ತದೆ.

ಮೊದಲನೆಯದು ಬುತ್ತಿ. ಹಳ್ಳಿಯಿಂದ ಹೊರಡುವ ಬಸ್ಸಿನಲ್ಲಿ ಊಟದ ಡಬ್ಬಿ, ರೊಟ್ಟಿಯ ಗಂಟು ಇಟ್ಟು ಕಳಿಸುವುದು ಈ ಭಾಗದ ಹಳೆಯ ರೂಢಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ. ಹಂಚಿನ ಮೇಲೆ ಚೆನ್ನಾಗಿ ಒಣಗಿದ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ. ನೀರಿಲ್ಲದ ಕಡೆ ಬೂಷ್ಟು ಬೆಳೆಯದು. ಹೀಗಾಗಿ ಅದು ದಿನಗಟ್ಟಲೆ ಕೆಡುವುದಿಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶದ ಕೊರತೆಯಿದೆ. ಆ ಕೊರತೆಯನ್ನು ಕಾಳು ತುಂಬಿಕೊಡುತ್ತದೆ. ಪುಸ್ತಕ ಓದದ ಅಜ್ಜಿಯರು ಕಟ್ಟಿದ ಈ ಜೋಡಿಗೆ ವಿಜ್ಞಾನವೂ ಒಪ್ಪಿಗೆ ಹಾಕುತ್ತದೆ. ಬುತ್ತಿ ಪುಕ್ಕಟೆ ಎನಿಸುವುದುಂಟು. ಆದರೆ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ತಾಯಿಯ ದುಡಿಮೆಗೆ ಯಾರೂ ಬೆಲೆ ಕಟ್ಟಿಲ್ಲ, ಅಷ್ಟೇ.

ಧಾರವಾಡದಿಂದ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯ ದಾರಿಯಲ್ಲಿ ರಾಯಾಪುರ ಸಿಗುತ್ತದೆ. ಇಲ್ಲಿ ಇಸ್ಕಾನ್ ಮಂದಿರದ ಬಳಿ ಅಕ್ಷಯ ಪಾತ್ರ ಸಂಸ್ಥೆಯ ದೊಡ್ಡ ಅಡುಗೆಮನೆಯಿದೆ. ಧಾನ್ಯವನ್ನು ಮೇಲಿನ ಅಂತಸ್ತಿಗೆ ಏರಿಸಿದರೆ ಸಾಕು, ಅದು ಗುರುತ್ವಾಕರ್ಷಣೆಯಿಂದಲೇ ಕೆಳಗಿನ ಹಂಡೆಗಳಿಗೆ ಇಳಿಯುತ್ತದೆ, ಬೇಯಿಸುವುದು ಹಬೆ. ಇಲ್ಲಿಂದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಸಿಯೂಟ ಹೋಗುತ್ತದೆ. ಮಕ್ಕಳಿಗೆ ಇದು ಉಚಿತ. ಧಾನ್ಯ ಮತ್ತು ಅಡುಗೆಯ ಹಣ ಸರ್ಕಾರದ್ದು, ಉಳಿದದ್ದು ದಾನಿಗಳದ್ದು. ನಿಯಮದ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿನ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು. ಆರರಿಂದ ಎಂಟನೆಯ ತರಗತಿಗೆ 700 ಕ್ಯಾಲೊರಿ, 20 ಗ್ರಾಂ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಅಡುಗೆ ಮಕ್ಕಳಿಗೆ ರುಚಿಸುವುದಿಲ್ಲವೆಂಬ ಆಕ್ಷೇಪ 2018–19ರಲ್ಲಿ ರಾಜ್ಯದಾದ್ಯಂತ ಚರ್ಚೆಯಾಯಿತು. ಆ ಮಾತಿನಲ್ಲಿ ಒಂದು ಪಾಠವಿದೆ: ತಟ್ಟೆಯಲ್ಲಿ ಉಳಿದ ಅನ್ನ ಎಷ್ಟೇ ಪೌಷ್ಟಿಕವಾಗಿದ್ದರೂ ಅದರ ಲೆಕ್ಕ ಸೊನ್ನೆಯೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಕೊಡುವ ಏರ್ಪಾಡಾಯಿತು. ಹೊಟ್ಟೆ ತುಂಬಿಸಿದರಷ್ಟೇ ಸಾಲದೆಂಬುದು ಸರ್ಕಾರಕ್ಕೂ ಮನವರಿಕೆಯಾದಂತಾಯಿತು.

ಮುಂದೆ ಹುಬ್ಬಳ್ಳಿ. ದುರ್ಗದಬೈಲಿನ ಸಂತೆ, ರೈಲ್ವೆ ಕಾರ್ಖಾನೆ, ಮಾರುಕಟ್ಟೆಯ ಹಮಾಲರು. ಇದು ದುಡಿಯುವವರ ಊರು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ ಆಮೇಲೆ ಅವಳಿ ನಗರಕ್ಕೂ ಬಂತು. ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ; ಮೂರು ಹೊತ್ತಿಗೆ 25 ರೂಪಾಯಿ. ಉಳಿದ ಖರ್ಚನ್ನು ಭರಿಸುವುದು ಸರ್ಕಾರ ಮತ್ತು ನಗರಸಂಸ್ಥೆ, ಅಂದರೆ ತೆರಿಗೆ ಕಟ್ಟುವ ಜನ. ಆ ಬಾಕಿ ಸಕಾಲಕ್ಕೆ ಸಂದಾಯವಾಗದೆ ರಾಜ್ಯದ ಹಲವೆಡೆ ಕ್ಯಾಂಟೀನುಗಳ ಬಾಗಿಲು ಮುಚ್ಚಿದ್ದೂ ಉಂಟು. ಅಗ್ಗದ ಊಟವನ್ನೇ ನೆಚ್ಚಿದ ವಿದ್ಯಾರ್ಥಿ ಈ ಮಾತನ್ನು ನೆನಪಿನಲ್ಲಿಡಬೇಕು.

ಈಗ ಲಾಭ–ನಷ್ಟದ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವ ಯುವಕನಿಗೆ ಇದು ಸುಮಾರು 45 ಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವುದು ಹೆಚ್ಚೆಂದರೆ 24 ಗ್ರಾಂ. ಉಳಿದರ್ಧ ಎಲ್ಲಿಂದ ಬರಬೇಕು? 50 ಗ್ರಾಂ ಬೇಳೆಯಲ್ಲಿ ಸುಮಾರು 11 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ಒಂದು ಮೊಟ್ಟೆಯಲ್ಲಿ 6, ಮೊಟ್ಟೆ ಬೇಡವಾದರೆ ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ಇಷ್ಟಾದರೆ ಲೆಕ್ಕ ಸರಿಹೋಯಿತು. ಬರೀ ಅನ್ನ, ತೆಳು ಸಾರಿನಲ್ಲಿ ದಿನ ದೂಡಿದರೆ ಹೊಟ್ಟೆ ತುಂಬೀತು, ಮೈಗೆ ಬಲ ಬಾರದು.

ಆದ್ದರಿಂದ ಅಗ್ಗದ ಊಟ ಲಾಭವೇ ಎಂಬ ಪ್ರಶ್ನೆಗೆ ಉತ್ತರ ಕ್ಯಾಂಟೀನಿನ ಫಲಕದಲ್ಲಿಲ್ಲ. ಹೋಟೆಲಿನ ತಿಂಡಿಗೆ ಹೋಗಬೇಕಿದ್ದ ಹಣ ಉಳಿದಾಗ ಅದು ಹಾಲಾಗಿ, ಕಾಳಾಗಿ, ಹಣ್ಣಾಗಿ ಮತ್ತೆ ತಟ್ಟೆಗೆ ಬಂದರೆ ಆ ಐದು ರೂಪಾಯಿ ಸಾರ್ಥಕ. ಬಾರದಿದ್ದರೆ ಉಳಿದದ್ದು ಹಣ, ಕರಗಿದ್ದು ಮೈ. ಬೆಳಗಿನ ತಿಂಡಿ ಬಿಟ್ಟು ಇನ್ನೊಂದು ಗೈಡು ಕೊಳ್ಳುವ ಮಕ್ಕಳಿಗೆ ತಂದೆ–ತಾಯಿ ತಿಳಿಸಿ ಹೇಳಬೇಕಾದದ್ದು ಇದನ್ನೇ. ಊರಿಗೆ ಫೋನು ಮಾಡಿದಾಗ ‘ಎಷ್ಟು ಓದಿದಿ?’ ಎನ್ನುವ ಮುಂಚೆ ‘ಏನು ಉಂಡಿ?’ ಎಂದು ಕೇಳಿದರೆ ಅರ್ಧ ಕೆಲಸವಾದಂತೆ.