ಕರೆಯದೆ ಏಳುವವರು

ಮಗ ಪರದೇಶಕ್ಕೆ ಹೋಗುವಾಗ ಹಾಸನದ ಮನೆಯಲ್ಲಿ ಬಿಟ್ಟುಹೋದ ಹಳೇ ಮ್ಯಾಕ್ ಆನ್ ಮಾಡಿದರೆ ನಾನು ಕೇಳಿದ್ದೊಂದು ಬಿಟ್ಟು ಉಳಿದದ್ದೆಲ್ಲ ತಾನಾಗಿ ಏಳುತ್ತಿತ್ತು. ಎಂದೋ ಬಾಗಿಲು ಹಾಕಿದ ಚಾಟ್ ಕಂಪನಿಯ ಪ್ರೋಗ್ರಾಂ, ಹಾಡಿನದು, ಪರೀಕ್ಷೆಯ ದಿನ ಎಣಿಸುವ ಗಡಿಯಾರ. ಅವೆಲ್ಲ ಎದ್ದು ಮುಖ ತೊಳೆದುಕೊಳ್ಳುವಷ್ಟರಲ್ಲಿ ನನ್ನ ಕಾಫಿ ಆರಿರುತ್ತಿತ್ತು.

“ಅಪ್ಪ, ಅಕೌಂಟ್ಸ್‌ನಲ್ಲಿ ಲಾಗಿನ್ ಐಟಮ್ಸ್ ನೋಡಿ, ಮೈನಸ್ ಒತ್ತಿ, ಅಷ್ಟೆ,” ಎಂದ ಮಗ ಫೋನಿನಲ್ಲಿ. ಒತ್ತುವುದರಲ್ಲಿ ಮಜವೇನಿದೆ? ನಿವೃತ್ತನಿಗೆ ಬೇಕಾದ್ದು ಬೇಗ ಮುಗಿಯದ ಕೆಲಸ. ಟರ್ಮಿನಲ್ ತೆರೆದೆ.

ಹೀಗೆ ತಾನಾಗಿ ಏಳುವವರ ಹಾಜರಿ ಪುಸ್ತಕ ಇರುವುದು ಲೈಬ್ರರಿಯೊಳಗಿನ ಪ್ರಿಫರೆನ್ಸಸ್ ಫೋಲ್ಡರಿನಲ್ಲಿ. ಆ ಕಾಲದ ಮ್ಯಾಕಿನಲ್ಲಿ ಅದರ ಹೆಸರು ಲಾಗಿನ್‌ವಿಂಡೋ ಡಾಟ್ ಪಿಲಿಸ್ಟ್. ನೇರವಾಗಿ ತೆರೆದರೆ ಬರೀ ಗೀಚು; ‘ಡಿಫಾಲ್ಟ್ಸ್ ರೀಡ್’ ಎಂದರೆ ಮಾತ್ರ ಓದುವ ಹಾಗಾಗುತ್ತದೆ. ಪ್ರತಿ ಹೆಸರಿಗೂ ಅದರ ಮನೆಯ ವಿಳಾಸ, ಜೊತೆಗೆ ‘ಹೈಡ್’ ಎಂಬ ಒಂದು ಷರಾ: ಬಂದು ಎದುರಿಗೆ ಕೂರಬೇಕೋ, ಒಳಕೋಣೆಯಲ್ಲಿ ಸದ್ದಿಲ್ಲದೆ ಇರಬೇಕೋ ಎಂದು. ಮಗ ಗಡಿಯಾರಕ್ಕೆ ಎದುರಿಗೇ ಜಾಗ ಕೊಟ್ಟಿದ್ದ. ಹಾಡಿನದನ್ನು ಬಚ್ಚಿಟ್ಟಿದ್ದ. ಓದುತ್ತಿದ್ದಾನೆ ಎಂದು ನಾವು ಹಾಲು ಕಾಯಿಸಿ ಕೊಟ್ಟ ರಾತ್ರಿಗಳ ಲೆಕ್ಕ ನನಗೆ ಈಗ ಸಿಕ್ಕಿತು.

ಗುಜರಿಗೆ ಹೋದ ಸ್ಕ್ಯಾನರಿನ ಸಹಾಯಕನ ವಿಳಾಸವೂ ಪಟ್ಟಿಯಲ್ಲಿತ್ತು; ಅದನ್ನು ಹಿಡಿದು ಹುಡುಕಿದರೆ ಅಲ್ಲಿ ಫೋಲ್ಡರೇ ಇಲ್ಲ. ಹೆಸರು ಮಾತ್ರ ಪಟ್ಟಿಯಲ್ಲಿ ಗಟ್ಟಿಯಾಗಿದೆ. ನಮ್ಮ ಶೆಟ್ಟಿಹಳ್ಳಿಯೂ ಹೀಗೇ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರಲ್ಲಿ ಕೆಲಸ ಮುಗಿದು, ಹಿನ್ನೀರು ಹರಡಿಕೊಂಡಿತು. ಜನ ಗಂಟುಮೂಟೆ ಕಟ್ಟಿ ಬೇರೆಡೆ ಹೋದರು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಮಾತ್ರ ಚಾವಣಿ ಕಳೆದುಕೊಂಡು ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದಾಡಬಹುದು. ಈಗ ಮದುವೆಗೆ ಮುಂಚಿನ ಫೋಟೋ ತೆಗೆಸಲು ಬೆಂಗಳೂರಿನಿಂದ ಜೋಡಿಗಳು ಬರುತ್ತವೆ. ಸ್ಕ್ಯಾನರಿಗೆ ಆ ಯೋಗವೂ ಇಲ್ಲ.

ಅಳಿಸುವ ಕೆಲಸ ಪಿಲಿಸ್ಟ್‌ಬಡಿ ಎಂಬ ಸಲಕರಣೆಯದು. ‘ಡಿಲೀಟ್’ ಎಂದು ಪಟ್ಟಿಯ ಹೆಸರು, ಸಾಲಿನ ಸಂಖ್ಯೆ ಕೊಟ್ಟರೆ ಆಯಿತು. ಆದರೆ ಅದರ ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯವನನ್ನು ತೆಗೆದೊಡನೆ ಒಂದನೆಯವನು ಸರಿದು ಸೊನ್ನೆಯ ಜಾಗದಲ್ಲಿ ಕೂರುತ್ತಾನೆ. ಇದು ಗೊತ್ತಿಲ್ಲದೆ ಮುಂದಿನ ಸಂಖ್ಯೆ ಕೊಟ್ಟರೆ ಪಾಪ ಇನ್ಯಾರೋ ಹೋಗುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಸೀನಿಯಾರಿಟಿ ಪಟ್ಟಿ ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊನೆಯಿಂದ ಹಿಂದಕ್ಕೆ ಬಂದೆ. ಗಡಿಯಾರ ಹೋಯಿತು, ಸ್ಕ್ಯಾನರು ಹೋಯಿತು, ಚಾಟು ಹೋಯಿತು.

“ರೀ, ಆ ಹಾಡಿಂದು ಇರ್ಲಿ ಬಿಡಿ,” ಎಂದಳು ಅಡುಗೆಮನೆಯಿಂದ ಇವಳು. ಇವಳಿಗೆ ಆಗಲೇ ಗೊತ್ತಿತ್ತಂತೆ.

2022ರ ವೆಂಚುರಾದಿಂದೀಚೆಗೆ ಮ್ಯಾಕಿನಲ್ಲಿ ಇದೆಲ್ಲ ಸೆಟ್ಟಿಂಗ್ಸ್‌ನ ಒಂದೇ ಪುಟಕ್ಕೆ ಬಂದಿದೆ, ಅಲ್ಲೇ ತೆಗೆದರೆ ಮುಗಿಯಿತು. ನಿಮ್ಮ ಮನೆಯಲ್ಲಿ ಮಕ್ಕಳು ಬಿಟ್ಟುಹೋದ ಹಳೆಯದೇ ಇದ್ದರೆ ಮೊದಲು ಆ ಫೈಲಿನದೊಂದು ನಕಲು ಇಟ್ಟುಕೊಳ್ಳಿ, ಪೂರ್ತಿ ಓದಿ, ಆಮೇಲೆ ಕೆಳಗಿನಿಂದ ಅಳಿಸಿ.