ನಮ್ಮ ಪತ್ರಿಕೆಯೂ ಪರರ ಬರಹವೂ



ನಮ್ಮ ಹುಡುಗಿಯರು ಹೊರಡಿಸುತ್ತಿರುವ ನಾಲ್ಕು ಪುಟಗಳ ವಾರ್ತಾಪತ್ರಿಕೆಯು ನಿಮ್ಮ ಕೈಸೇರಿರುವುದೆಂದು ನಂಬುತ್ತೇನೆ. ಮೊದಲನೆಯ ಸಂಚಿಕೆಯ ಅಂದಚೆಂದವನ್ನು ಮೆಚ್ಚಿ ಅನೇಕರು ಬರೆದರು. ಒಬ್ಬಾಕೆ ಮಾತ್ರ ಬೇರೊಂದು ವಿಷಯವಾಗಿ ಬರೆದಳು. ಆ ಕಾಗದದ ಸಂಗತಿಯನ್ನು ಇಲ್ಲಿ ಅರಿಕೆಮಾಡಿಕೊಳ್ಳುವುದು ನನ್ನ ಕರ್ತವ್ಯವು. ಏಕೆಂದರೆ ತಪ್ಪು ನನ್ನದು.

ನಮ್ಮ ಭೋಜನಶಾಲೆಯ ಗೋಡೆಯ ಮೇಲೆ ಎಂಟು ಸಾಲಿನ ಪದ್ಯವೊಂದು ಬಹುಕಾಲದಿಂದ ಇರುವುದನ್ನು ನೀವು ಬಲ್ಲಿರಿ. ಪತ್ರಿಕೆಯ ಮೊದಲ ಪುಟದ ಮೂಲೆಯಲ್ಲಿ ಸ್ವಲ್ಪ ಸ್ಥಳ ಉಳಿಯಲಾಗಿ, ಆ ಪದ್ಯವನ್ನೇ ಬಳ್ಳಿಯ ಚೌಕಟ್ಟಿನೊಳಗಿಟ್ಟು, ಕೆಳಗೆ "ಸಂಗ್ರಹ" ಎಂದು ಬರೆದು, ಸಂಗ್ರಹಿಸಿದವಳ ಹೆಸರನ್ನೂ ತರಗತಿಯನ್ನೂ ಸೇರಿಸಿದೆವು. ಶಾಲಾಪತ್ರಿಕೆಗಳಲ್ಲಿ ಈ "ಸಂಗ್ರಹ" ಎಂಬ ಒಂದು ಮಾತು ಎಷ್ಟು ತಪ್ಪುಗಳನ್ನು ಮುಚ್ಚಿದೆಯೋ ಹೇಳಲಾರೆ!

ಹದಿನೈದು ದಿನಗಳೊಳಗೆ ಕಾಗದ ಬಂದಿತು. "ಟೀಚರೇ, ಆ ಪದ್ಯವು ನಾನು ಎಂಟನೆಯ ತರಗತಿಯಲ್ಲಿದ್ದಾಗ ಬರೆದದ್ದು" ಎಂದಿತ್ತು. ಆಗ ನನಗೆ ಎಲ್ಲವೂ ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ, ನಾನು ಹೊಸ ಉಪಾಧ್ಯಾಯಿನಿಯಾಗಿದ್ದಾಗ, ವಿದ್ಯಾರ್ಥಿನಿಲಯದ ಹಲಗೆಯ ಮೇಲೆ ಹೆಸರಿಲ್ಲದ ಒಂದು ಚೀಟಿಯನ್ನು ಕಂಡು, ಮೆಚ್ಚಿ, ದುಂಡಕ್ಷರದಲ್ಲಿ ಬರೆದು ಗೋಡೆಗೆ ಹಾಕಿಸಿದ್ದೆನು. ಬರೆದವಳು ಯಾರೆಂದು ವಿಚಾರಿಸಲೇ ಇಲ್ಲ.

ಮರುದಿನ ಪತ್ರಿಕೆಯ ಹುಡುಗಿಯರನ್ನು ಕೂಡಿಸಿಕೊಂಡು 1957ನೆಯ ಇಸವಿಯ ಕೃತಿಸ್ವಾಮ್ಯ ಕಾಯಿದೆಯನ್ನು ಓದಿದೆವು. ಸಾಮಾನ್ಯವಾಗಿ ಬರೆದವರೇ ಬರಹದ ಮೊದಲ ಒಡೆಯರು. ಅದಕ್ಕೆ ನೋಂದಣಿ ಬೇಕಿಲ್ಲ. ಬರೆದವರ ವಯಸ್ಸನ್ನು ಕಾಯಿದೆಯು ಕೇಳುವುದಿಲ್ಲ. ಅವರು ತೀರಿಕೊಂಡ ವರ್ಷವು ಮುಗಿದ ಮೇಲೆಯೂ 60 ವರ್ಷಗಳು ಸ್ವಾಮ್ಯವು ಉಳಿಯುವುದು. ಎರಡನೆಯ ಸಂಚಿಕೆಗೆ ಹುಡುಗಿಯರು ಪಂಜೆ ಮಂಗೇಶರಾಯರದೊಂದು, ಜಿ. ಪಿ. ರಾಜರತ್ನಂ ಅವರದೊಂದು, ಹೀಗೆ ಎರಡು ಶಿಶುಗೀತೆಗಳನ್ನು ಆರಿಸಿದ್ದರು. ಕಪ್ಪುಹಲಗೆಯ ಮೇಲೆ ಲೆಕ್ಕ ನಡೆಯಿತು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಅವಧಿ ಎಂದೋ ಕಳೆದಿದೆ. ರಾಜರತ್ನಂ ಅವರು ತೀರಿಕೊಂಡದ್ದು 1979ರಲ್ಲಿ; ಅವರ ಗೀತೆಗಳಿಗೆ 2039ರ ಕೊನೆಯವರೆಗೆ ಒಡೆತನವುಂಟು.

"ಕೆಳಗೆ ಅವರ ಹೆಸರು ಹಾಕಿದರೆ ಸಾಲದೇ ಟೀಚರ್?" ಎಂದು ಒಬ್ಬಳು ಕೇಳಿದಳು. ಹೆಸರು ಹಾಕುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ ಎಂದೆನು. ತರಗತಿಯಲ್ಲಿ ಪಾಠಕ್ಕಾಗಿ ನಕಲು ಮಾಡಲು ಕಾಯಿದೆಯು ಅವಕಾಶ ಕೊಟ್ಟಿದೆ, ನಿಜ. ಆದರೆ ಮನೆಮನೆಗೆ ಹೋಗುವ ಪತ್ರಿಕೆಯನ್ನು ಪಾಠವೆಂದು ಹೇಳಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಕಡೆಗೆ ಆ ಹುಡುಗಿಯೇ ಗೀತೆಯ ಬದಲು ಅದರ ವಿಮರ್ಶೆಯನ್ನು ಬರೆದು, ಒಂದೆರಡು ಸಾಲುಗಳನ್ನು ಮಾತ್ರ ಎತ್ತಿ ತೋರಿಸಿದಳು. ವಿಮರ್ಶೆಗೆ ಅಷ್ಟು ಎತ್ತಿಕೊಳ್ಳಬಹುದು. ನನ್ನ ಮಟ್ಟಿಗೆ ಆ ಲೇಖನವೇ ಸಂಚಿಕೆಯಲ್ಲಿ ಉತ್ತಮವಾದದ್ದು.

ಚಿತ್ರಗಳದೂ ಇದೇ ಕಥೆ. ಅಂತರ್ಜಾಲದಿಂದ ಇಳಿಸಿಕೊಂಡಿದ್ದ ಗುಲಾಬಿಗಳನ್ನೆಲ್ಲ ತೆಗೆದುಹಾಕಿ, ಗೇಟಿನ ಬಳಿಯ ಮಾವಿನ ಮರವನ್ನು ಹುಡುಗಿಯರೇ ಬರೆದರು. ಮರವು ಹೂಕೋಸಿನಂತೆ ಕಾಣುತ್ತದೆಂದು ಕೆಲವರು ನಕ್ಕದ್ದುಂಟು. ಬರೆದವಳ ಹೆಸರು ಬೇರಿನ ಬಳಿ ಸಣ್ಣಕ್ಷರದಲ್ಲಿದೆ.

ಇನ್ನು ಕಾಗದ ಬರೆದಾಕೆಯ ವಿಷಯ. ಆಕೆಯ ಕ್ಷಮೆಯನ್ನು ಬೇಡಿ, ಪದ್ಯವನ್ನು ಆಕೆಯ ಹೆಸರಿನಲ್ಲಿ ಮತ್ತೆ ಅಚ್ಚುಹಾಕಲು ಅಪ್ಪಣೆಯನ್ನು ಕೇಳಿದೆನು. ಆಕೆ ಸಂತೋಷದಿಂದ ಒಪ್ಪಿ, ಒಂದು ಮಾತು ಸೇರಿಸಿದ್ದಳು: "ಮೂರನೆಯ ಸಾಲಿನಲ್ಲಿ 'ಸರೋವರ' ಎಂದಿದೆ. ನಾನು ಬರೆದದ್ದು 'ಬಾವಿ'."

ತಿದ್ದಿದವಳು ನಾನೇ. ಬಾವಿಗಿಂತ ಸರೋವರವು ಕಾವ್ಯಕ್ಕೆ ಶೋಭಿಸುವುದೆಂದು ಅಂದು ತಿಳಿದಿದ್ದೆನು. ಅಡಿಗೆಮನೆಯ ಹಿಂದಿನ ಬಾವಿಯಲ್ಲಿ ನೀರು ಸೇದುತ್ತ ಆಕೆ ಕಟ್ಟಿದ ಪದ್ಯವಂತೆ ಅದು. ಎರಡನೆಯ ಸಂಚಿಕೆಯಲ್ಲಿ ಆಕೆಯ ಹೆಸರೂ ಬಾವಿಯೂ ಅಚ್ಚಾಗಿವೆ. ಭೋಜನಶಾಲೆಯ ಹಲಗೆಯನ್ನು ಗೋಡೆಯಿಂದ ಇಳಿಸಿದ್ದೇವೆ; ಹೊಸದಾಗಿ ಬರೆಯಿಸಬೇಕಾಗಿದೆ.